ಹೆತ್ತವರ ಹಟವೂ ದಂಡಶಾಸನದ ಮೌನವೂ

ಕಳೆದ ತಿಂಗಳ ಸಂಚಿಕೆಯಲ್ಲಿ ವಕೀಲ ಮಿತ್ರರೊಬ್ಬರು, ಮಕ್ಕಳ ವಶದ ಸಂಬಂಧವಾಗಿ ನ್ಯಾಯಾಲಯವು ಮಾಡಿದ ಆಜ್ಞೆಯನ್ನು ತಂದೆಯಾಗಲಿ ತಾಯಿಯಾಗಲಿ ಉಲ್ಲಂಘಿಸಿದರೆ ಅದನ್ನು ದಂಡಾರ್ಹವಾದ ಅಪರಾಧವೆಂದು ಎಣಿಸಲಾಗದೆಂದೂ, ಹಾಗೆ ಎಣಿಸುವುದು ನಮ್ಮ ಸಂಸ್ಕೃತಿಗೇ ವಿರುದ್ಧವೆಂದೂ ಬಹು ಆವೇಶದಿಂದ ಬರೆದಿದ್ದರು. ಲೇಖನವು ಸರಸವಾಗಿದ್ದಿತು. ಓದುತ್ತ ಓದುತ್ತ ಒಂದೆರಡು ಕಡೆ ನನ್ನ ಕಣ್ಣೂ ಒದ್ದೆಯಾಯಿತೆಂದು ಒಪ್ಪಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಆದರೆ ಪ್ರತ್ಯಕ್ಷ, ಅನುಮಾನ, ಶಬ್ದಾದಿ ಪ್ರಮಾಣಗಳ ಪಟ್ಟಿಯಲ್ಲಿ ಕಣ್ಣೀರನ್ನು ಯಾವ ಶಾಸ್ತ್ರಕಾರನೂ ಸೇರಿಸಿದ್ದು ನನಗೆ ಕಂಡಿಲ್ಲ. ಆ ಲೇಖನವನ್ನು ಓದಿ ಅನೇಕ ಗೃಹಸ್ಥರು ತಲೆದೂಗಿದರೆಂದು ಕೇಳಿದ್ದರಿಂದ ಈ ಪ್ರತ್ಯುತ್ತರವನ್ನು ಬರೆಯಬೇಕಾಯಿತು. ಮಿತ್ರರು ಕ್ಷಮಿಸಬೇಕು.

ಅವರ ವಾದದ ಸಾರವಿಷ್ಟು: ತನ್ನ ಮಗುವನ್ನು ತಾನು ಕದಿಯುವುದೆಂದರೆ ತನ್ನ ಜೇಬಿಗೆ ತಾನೇ ಕೈಯಿಕ್ಕಿದಂತೆ, ಅಲ್ಲಿ ಕಳ್ಳನೆಲ್ಲಿ, ಕಳವೆಲ್ಲಿ? ಹೆತ್ತವರು ಮಾಡುವುದು ವಾತ್ಸಲ್ಯದ ಅತಿರೇಕವೇ ಹೊರತು ಪಾತಕವಲ್ಲ. ಅದಕ್ಕೆ ಬುದ್ಧಿಮಾತು ಸಾಕು. ಸೆರೆಮನೆಯನ್ನು ತೋರಿಸಿದರೆ ಮುರಿದ ಸಂಸಾರದ ಉಳಿದ ತುಂಡೂ ಪುಡಿಯಾಗುವುದು. ಈ ಜೇಬಿನ ದೃಷ್ಟಾಂತವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ವಿಷಯದ ಮೇರೆಯನ್ನು ಗೊತ್ತುಮಾಡಿಕೊಳ್ಳೋಣ. ದಂಪತಿಗಳು ಮುನಿದು ಬೇರೆಯಾದಾಗ, ಯಾವ ಆಜ್ಞೆಯೂ ಇನ್ನೂ ಹೊರಟಿಲ್ಲದಿರುವಾಗ, ಒಬ್ಬರು ಮಗುವನ್ನು ಕರೆದುಕೊಂಡು ತೌರಿಗೋ ಸ್ವಂತ ಊರಿಗೋ ಹೋದರೆ ಅದು ನನ್ನ ಪ್ರಸ್ತಾಪಕ್ಕೆ ಸೇರಿದ್ದಲ್ಲ. ಹಾಗೆ ನಿಷೇಧಾಜ್ಞೆಯಿಲ್ಲದಾಗ ತಂದೆಯು ಮಗುವನ್ನು ಒಯ್ದರೆ ಅಪಹರಣವಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2023ರಲ್ಲಿ ಹೇಳಿತು. ಅದರೊಡನೆ ನನಗೆ ಕಲಹವಿಲ್ಲ. ನಾನು ಹೇಳುವುದು ಆಜ್ಞೆಯಾದ ಮೇಲಿನ ಮಾತು. ಉಭಯ ಪಕ್ಷಗಳನ್ನೂ ಕೇಳಿ, ಸಾಧ್ಯವಾದರೆ ಮಗುವನ್ನೂ ಕೇಳಿ, ‘ಮಗುವು ಇಂಥವರಲ್ಲಿರತಕ್ಕದ್ದು, ಶನಿವಾರ ಭಾನುವಾರಗಳಲ್ಲಿಯೂ ರಜೆಯ ಅರ್ಧಭಾಗದಲ್ಲಿಯೂ ಇನ್ನೊಬ್ಬರಲ್ಲಿರತಕ್ಕದ್ದು’ ಎಂದು ನ್ಯಾಯಾಧಿಪತಿಯು ಬರೆದು ಮೊಹರು ಹಾಕಿದ ಮೇಲೆ, ಅದನ್ನು ತಿಳಿದೂ ತಿಳಿದೂ ಮೀರುವವರ ಮಾತು. ಈ ಉಲ್ಲಂಘನೆ ಎರಡು ಬಗೆ. ರಜೆಗೆಂದು ಕರೆದುಕೊಂಡು ಹೋದವನು ಹಿಂದಕ್ಕೆ ತಂದುಬಿಡದಿರುವುದು ಒಂದು. ವಶದಲ್ಲಿಟ್ಟುಕೊಂಡವಳು ನಿಯಮಿತ ದಿನದಲ್ಲಿ ಮಗುವನ್ನು ತೋರಿಸದಿರುವುದು ಇನ್ನೊಂದು. ಮೊದಲನೆಯದನ್ನು ಗಂಡಸರೇ, ಎರಡನೆಯದನ್ನು ಹೆಂಗಸರೇ ಮಾಡುವರೆಂದು ವಾಚಕರು ತಿಳಿಯಬಾರದು; ವಾಕ್ಯದ ಸೌಕರ್ಯಕ್ಕಾಗಿ ಹಾಗೆ ಬರೆದೆ. ಇಬ್ಬರಿಗೂ ಅಳತೆಗೋಲು ಒಂದೇ.

ಇಂಥ ಉಲ್ಲಂಘನೆಗೆ ನಮ್ಮ ಶಾಸನದಲ್ಲಿ ಏನಿದೆ? 1860ರ ದಂಡಸಂಹಿತೆಯ 361ನೆಯ ಕಲಮು, ನ್ಯಾಯಬದ್ಧ ಪಾಲಕನ ವಶದಿಂದ ಮಗುವನ್ನು ಅವನ ಸಮ್ಮತಿಯಿಲ್ಲದೆ ಒಯ್ಯುವುದನ್ನು ಅಥವಾ ಪುಸಲಾಯಿಸುವುದನ್ನು ಅಪಹರಣವೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 137ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಹುಡುಗನಿಗೆ ಹದಿನಾರು, ಹುಡುಗಿಗೆ ಹದಿನೆಂಟು ಎಂದಿದ್ದ ವಯೋಭೇದವನ್ನು ತೆಗೆದು ಇಬ್ಬರಿಗೂ ಹದಿನೆಂಟೆಂದು ಮಾಡಿದೆ. ಅಷ್ಟು ಒಳ್ಳೆಯ ಕೆಲಸವಾಯಿತು. ಶಿಕ್ಷೆ ಏಳು ವರ್ಷದವರೆಗೆ ಕಾರಾಗೃಹವಾಸ ಮತ್ತು ಜುಲ್ಮಾನೆ. ಆದರೆ ಹಳೆಯ ಕಲಮಿನಲ್ಲಿದ್ದ ಅಪವಾದವೂ ಹಾಗೆಯೇ ಉಳಿದಿದೆ: ಮಗುವಿನ ವಶಕ್ಕೆ ತಾನು ಅರ್ಹನೆಂದು ಸದ್ಭಾವದಿಂದ ನಂಬಿದವನಿಗೆ ಈ ಕಲಮು ತಗಲದು. ಆಜ್ಞೆಯ ನಕಲು ಕೈಯಲ್ಲಿರುವವನಿಗೆ ಅಂಥ ಸದ್ಭಾವವೆಲ್ಲಿಂದ ಬರುವುದೆಂದು ವಾಚಕರು ಕೇಳಬಹುದು. ತರ್ಕದಲ್ಲಿ ಬಾರದು. ಪೊಲೀಸು ಠಾಣೆಯಲ್ಲಿ ಮಾತ್ರ ಬರುತ್ತದೆ. ‘ತಂದೆಯ ಹತ್ತಿರವೇ ಇದೆಯಲ್ಲಮ್ಮಾ ಮಗು, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂಬ ಉತ್ತರವನ್ನು ಕೇಳದ ತಾಯಿಯುಂಟೇ?

ಇನ್ನೊಂದು ತೊಡಕು ಶಬ್ದದ್ದು. ಕಲಮಿನ ಕ್ರಿಯಾಪದಗಳು ‘ಒಯ್ಯುವುದು’, ‘ಪುಸಲಾಯಿಸುವುದು’. ನ್ಯಾಯಾಲಯದ ಅಪ್ಪಣೆಯಂತೆಯೇ ದಸರೆಯ ರಜೆಗೆ ಕರೆದುಕೊಂಡು ಹೋದವನು ಒಯ್ದದ್ದು ನ್ಯಾಯವಾಗಿಯೇ. ಅವನ ತಪ್ಪಿರುವುದು ಹಿಂದಿರುಗಿಸದಿರುವುದರಲ್ಲಿ. ಹರಣವೇ ಬೇರೆ, ಅಪ್ರತ್ಯರ್ಪಣವೇ ಬೇರೆ. ವ್ಯಾಕರಣದಲ್ಲಿ ಈ ಭೇದವನ್ನು ಕಾಣದ ವಿದ್ಯಾರ್ಥಿಯನ್ನು ನಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಶಾಸನಕರ್ತರು ಇದನ್ನು ನೂರ ಅರವತ್ತು ವರ್ಷಕ್ಕೂ ಮೇಲ್ಪಟ್ಟು ಕಾಣದೆಯೇ ಇದ್ದಾರೆ. ಮೇಲಾಗಿ ಏಳು ವರ್ಷವೆಂಬ ಆ ಖಡ್ಗವು ಎಷ್ಟು ಭಾರಿಯದೆಂದರೆ ತಂದೆತಾಯಿಗಳ ಮೇಲೆ ಅದನ್ನು ಎತ್ತಲು ಯಾವ ಮ್ಯಾಜಿಸ್ಟ್ರೇಟನಿಗೂ ಕೈ ಬಾರದು. ಬರಬಾರದು ಕೂಡ.

ಉಳಿದ ಶಾಸನಗಳು ಗುಂಡುಸೂಜಿಗಳು. 1890ರ ಪಾಲಕರು ಮತ್ತು ಪಾಲ್ಯರ ಕಾಯಿದೆಯ 44ನೆಯ ಕಲಮಿನಂತೆ, ನ್ಯಾಯಾಲಯವು ನೇಮಿಸಿದ ಅಥವಾ ಘೋಷಿಸಿದ ಪಾಲಕನು ಪಾಲ್ಯನನ್ನು ಅದರ ವ್ಯಾಪ್ತಿಯಿಂದ ಆಚೆಗೆ ಸಾಗಿಸಿ ಅದರ ಅಧಿಕಾರಕ್ಕೆ ಅಡ್ಡಿಮಾಡಿದರೆ ಸಾವಿರ ರೂಪಾಯಿಗೆ ಮೀರದ ಜುಲ್ಮಾನೆ, ಅಥವಾ ಆರು ತಿಂಗಳವರೆಗೆ ಸಿವಿಲ್ ಸೆರೆಮನೆ. 1890ರಲ್ಲಿ ಸಾವಿರ ರೂಪಾಯಿಯೆಂದರೆ ಗೃಹಸ್ಥನ ಬೆನ್ನುಮೂಳೆ ಮುರಿಯುವ ಹಣ. ಇಂದು ಅದು ವಕೀಲರ ಒಂದು ವಾಯಿದೆಯ ಶುಲ್ಕಕ್ಕೂ ಸಾಲದು. 1971ರ ನ್ಯಾಯಾಂಗ ನಿಂದನೆಯ ಕಾಯಿದೆಯುಂಟು: ಆರು ತಿಂಗಳ ಸಾದಾ ಸಜೆ, ಎರಡು ಸಾವಿರ ರೂಪಾಯಿ. ಅದನ್ನು ವಿಧಿಸಬೇಕಾದರೆ ಜಿಲ್ಲೆಯ ನ್ಯಾಯಾಲಯದಿಂದ ಉಚ್ಚ ನ್ಯಾಯಾಲಯದವರೆಗೆ ಕಾಗದವು ಪ್ರಯಾಣ ಮಾಡಬೇಕು. 2005ರ ಗೃಹಹಿಂಸೆ ತಡೆಯುವ ಕಾಯಿದೆಯಲ್ಲಿಯಂತೂ ಒಂದು ವಿಚಿತ್ರವಿದೆ. ಅದರ 18ನೆಯ ಕಲಮಿನಂತೆ ರಕ್ಷಣಾಜ್ಞೆಯನ್ನೂ, 21ನೆಯ ಕಲಮಿನಂತೆ ಮಗುವಿನ ತಾತ್ಕಾಲಿಕ ವಶದ ಆಜ್ಞೆಯನ್ನೂ ಒಬ್ಬನೇ ಮ್ಯಾಜಿಸ್ಟ್ರೇಟನು ಒಂದೇ ಹಾಳೆಯಲ್ಲಿ ಬರೆಯಬಹುದು. ಮೊದಲನೆಯದನ್ನು ಮೀರಿದರೆ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ. ಎರಡನೆಯದಕ್ಕೆ, ಅಕ್ಷರಶಃ ಓದಿದರೆ, ಆ ಕಲಮು ಅನ್ವಯಿಸುವುದೇ ಇಲ್ಲ. ಹಾಳೆಯ ಮೇಲ್ಭಾಗವು ವಜ್ರ, ಕೆಳಭಾಗವು ಮೇಣ.

ಆದರೆ ಎಲ್ಲಕ್ಕಿಂತ ನನ್ನ ನಿದ್ರೆಯನ್ನು ಕೆಡಿಸಿದ್ದು 1890ರ ಅದೇ ಕಾಯಿದೆಯ 25ನೆಯ ಕಲಮು. ಪಾಲಕನ ವಶದಿಂದ ತಪ್ಪಿದ ಮಗುವನ್ನು ಹಿಂದಕ್ಕೆ ತರಿಸುವುದಕ್ಕಾಗಿ ನ್ಯಾಯಾಲಯವು ದಸ್ತಗಿರಿಯ ಆಜ್ಞೆಯನ್ನು ಮಾಡಬಹುದೆಂದು ಅಲ್ಲಿ ಹೇಳಿದೆ. ಯಾರ ದಸ್ತಗಿರಿ? ಬಚ್ಚಿಟ್ಟವನದೆಂದು ನಾನು ಮೊದಲ ಓದಿನಲ್ಲಿ ಭಾವಿಸಿದ್ದೆ. ಮತ್ತೊಮ್ಮೆ ಓದಿದೆ. ಮಗುವಿನ ದಸ್ತಗಿರಿ! ಕಳ್ಳರು ಮಾಡಿದ ತಪ್ಪಿಗೆ ಮಾಂಡವ್ಯ ಋಷಿಯನ್ನು ಶೂಲಕ್ಕೇರಿಸಿದ ಕಥೆಯನ್ನು ನಾವು ಮಹಾಭಾರತದಲ್ಲಿ ಓದಿ ಮರುಗುತ್ತೇವೆ. ಆ ಮಾಂಡವ್ಯನೇ ಮುಂದೆ, ಹದಿನಾಲ್ಕು ವರ್ಷ ತುಂಬುವವರೆಗೆ ಮಾಡಿದ್ದು ಪಾಪವಾಗಿ ಅಂಟಕೂಡದೆಂದು ಮರ್ಯಾದೆಯನ್ನು ಕಟ್ಟಿದನಂತೆ. ನಮ್ಮ ಮಿತ್ರರು ಹೆತ್ತವರ ಕೈಗೆ ಬೇಡಿ ತೊಡಿಸಬಾರದೆಂದು ಕಣ್ಣೀರಿಟ್ಟರು. ಹಾಗಾದರೆ ಈಗ ಶಾಸನದ ಪುಸ್ತಕದಲ್ಲಿ ಬೇಡಿಯು ಯಾರ ಕೈಯ ಅಳತೆಗೆ ಮಾಡಿದ್ದಾಗಿದೆ ಎಂಬುದನ್ನೂ ಅವರು ನೋಡಬೇಕಾಗಿದ್ದಿತು.

ಈಗ ಒಂದು ಪ್ರಸಂಗವನ್ನು ಹೇಳದೆ ವಿಧಿಯಿಲ್ಲ. 2011ನೆಯ ಇಸವಿ, ನಾನು ಆಗ ಒಂದು ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗ. ಸಂಧಿಗಳನ್ನು ಬಿಡಿಸುವುದೆಂದರೆ ಅವನಿಗೆ ಆಟ. ‘ಸೂರ್ಯೋದಯ’ವನ್ನು ಬಿಡಿಸಿ ಹೇಳಿ, ‘ಸಾರ್, ಇನ್ನೊಂದು’ ಎಂದು ನಿಂತುಬಿಡುತ್ತಿದ್ದ. ಅವನು ತಾಯಿಯ ವಶದಲ್ಲಿದ್ದನು. ದಸರೆಯ ರಜೆಯಲ್ಲಿ ಮೊದಲ ಹತ್ತು ದಿನ ತಂದೆಯ ಬಳಿಯಿರಬೇಕೆಂದು ನ್ಯಾಯಾಲಯದ ಆಜ್ಞೆಯಿದ್ದಿತು. ತಂದೆಯು ಬಂದು ಕರೆದುಕೊಂಡು ಹೋದನು. ರಜೆ ಮುಗಿಯಿತು, ಹುಡುಗ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ವಾರ ಸೊನ್ನೆ, ಎರಡು ವಾರ ಸೊನ್ನೆ. ತಾಯಿಯು ದಿನವೂ ಶಾಲೆಯ ಬಾಗಿಲಿಗೆ ಬಂದು, ‘ವರ್ಗಾವಣೆ ಪತ್ರ ಕೇಳಿಕೊಂಡು ಯಾರಾದರೂ ಬಂದರೇ ಸಾರ್? ಬಂದರೆ ಯಾವ ಊರಿನ ಶಾಲೆಯೆಂದು ತಿಳಿಯುವುದಲ್ಲವೇ?’ ಎಂದು ಕೇಳುವಳು. ಯಾರೂ ಬರಲಿಲ್ಲ. ವರ್ಗಾವಣೆ ಪತ್ರವಿಲ್ಲವೆಂದು ಯಾವ ಶಾಲೆಯೂ ಮಗುವನ್ನು ಹೊರಗಿಡಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ವಿಧಿಸಿದೆ. ವಲಸೆ ಹೋಗುವ ಬಡವರ ಮಕ್ಕಳಿಗೆ ಅದು ದೊಡ್ಡ ಉಪಕಾರವೇ. ಬಚ್ಚಿಡುವ ತಂದೆಗೂ ಅದೇ ಉಪಕಾರವಾಯಿತು.

ಠಾಣೆಯಲ್ಲಿ ಸಿವಿಲ್ ವ್ಯಾಜ್ಯವೆಂದರು. ಅಮಲ್ಜಾರಿ ಅರ್ಜಿ ಹಾಕಿದ್ದಾಯಿತು. ನೋಟೀಸು ಹೋಯಿತು, ವಿಳಾಸದಲ್ಲಿ ಇಲ್ಲವೆಂದು ಹಿಂದಿರುಗಿತು. ವಾಯಿದೆಯ ಮೇಲೆ ವಾಯಿದೆ, ನ್ಯಾಯಾಧೀಶರಿಗೆ ವರ್ಗವಾಯಿತು, ಬೇಸಿಗೆಯ ರಜೆ ಬಂದಿತು. ಹಾಜರಿ ಪುಸ್ತಕದೊಡನೆ ಸಾಕ್ಷಿಗೆ ಬರಬೇಕೆಂದು ನನಗೂ ಕರೆ ಬಂದಿತು. ಎರಡು ವರ್ಷ ಮೂರು ತಿಂಗಳ ಮೇಲೆ ಹುಡುಗನನ್ನು ನ್ಯಾಯಾಲಯಕ್ಕೆ ತಂದರು. ಉದ್ದ ಬೆಳೆದಿದ್ದನು. ತಾಯಿಯು ಅವನ ಮುಂದೆ ಕುಳಿತು ಹೆಸರು ಹಿಡಿದು ಕರೆದರೂ ನೆಲವನ್ನೇ ನೋಡುತ್ತಿದ್ದನು. ನನ್ನನ್ನು ಗುರುತು ಹಿಡಿದನೆಂದು ನನಗೆ ಖಂಡಿತವಾಗಿ ಗೊತ್ತು. ಆದರೆ ಗುರುತಿಲ್ಲವೆಂಬಂತೆ ಮುಖ ತಿರುಗಿಸಿದನು. ಏನು ಕೇಳಿದರೂ ಒಂದೇ ಮಾತು: ‘ಗೊತ್ತಿಲ್ಲ.’ ಮಗುವು ಹೊಸ ಊರಿನಲ್ಲಿ, ಹೊಸ ಶಾಲೆಯಲ್ಲಿ ನೆಲೆಗೊಂಡಿರುವುದರಿಂದ ಅದರ ಹಿತದೃಷ್ಟಿಯಿಂದ ಈಗ ಕದಲಿಸುವುದು ಉಚಿತವಲ್ಲವೆಂದು ತೀರ್ಪಾಯಿತು. ಆಜ್ಞೆಯನ್ನು ಮೀರಿದ್ದಕ್ಕಾಗಿ ತಂದೆಗೆ ಎಚ್ಚರಿಕೆಯ ಮಾತು ಹೇಳಿದರು. ಅಷ್ಟೇ.

ಆ ತೀರ್ಪನ್ನು ಬರೆದವರನ್ನು ನಾನು ದೂಷಿಸುವುದಿಲ್ಲ. ಮಗುವಿನ ಹಿತವೇ ಪರಮವೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ 13ನೆಯ ಕಲಮು ಹೇಳುತ್ತದೆ. ಆ ದಿನ ಆ ಹುಡುಗನನ್ನು ಕಿತ್ತು ತಂದಿದ್ದರೆ ಅವನಿಗೆ ಎರಡನೆಯ ಸಲ ಬೇರು ಹರಿಯುತ್ತಿದ್ದಿತು. ತೀರ್ಪು ಬರುವ ಹೊತ್ತಿಗೆ ಅಪರಾಧವೇ ಹಕ್ಕುಪತ್ರವಾಗಿ ಮಾರ್ಪಟ್ಟಿದ್ದಿತು. ಹೊಲವನ್ನು ಒತ್ತಿಕೊಂಡವನಿಗೆ ಅನುಭವದ ಬಲದಿಂದ ಹಕ್ಕು ಹುಟ್ಟಲು ಹನ್ನೆರಡು ವರ್ಷ ಬೇಕು. ಮಗುವನ್ನು ಒತ್ತಿಕೊಂಡವನಿಗೆ ಎರಡೇ ವರ್ಷ ಸಾಕಾಯಿತು.

ಬೌದ್ಧರ ಜಾತಕಗಳಲ್ಲಿ ಮಹೌಷಧ ಪಂಡಿತನ ತೀರ್ಪಿನ ಕಥೆಯಿದೆ. ಒಂದು ಮಗುವಿಗಾಗಿ ಇಬ್ಬರು ಕಾದಾಡುತ್ತ ಬಂದರು. ಒಬ್ಬಳು ತಾಯಿ, ಇನ್ನೊಬ್ಬಳು ತಾಯಿಯ ವೇಷದ ಯಕ್ಷಿಣಿ. ಪಂಡಿತನು ನೆಲದಲ್ಲಿ ಗೆರೆಯೆಳೆದು, ಮಗುವನ್ನು ನಡುವೆ ಮಲಗಿಸಿ, ಎಳೆದುಕೊಂಡವಳಿಗೆ ಮಗು ಎಂದನು. ಮಗುವು ಚೀರಿದಾಗ ಒಬ್ಬಳು ಕೈಬಿಟ್ಟಳು. ಬಿಟ್ಟವಳಿಗೇ ಪಂಡಿತನು ಮಗುವನ್ನು ಕೊಟ್ಟನು. ನಮ್ಮ ವ್ಯವಸ್ಥೆಯಲ್ಲಿಯೂ ಗೆರೆಯಿದೆ, ಎಳೆದಾಟವಿದೆ. ಆದರೆ ಮಗುವು ಎಳೆದುಕೊಂಡವರ ಪಾಲಾಗುತ್ತದೆ. ಆಜ್ಞೆಗೆ ತಲೆಬಾಗಿ, ಭಾನುವಾರ ಸಂಜೆ ಆರು ಗಂಟೆಗೆ ಸರಿಯಾಗಿ ಮಗುವನ್ನು ತಂದೊಪ್ಪಿಸುವ ತಂದೆ, ‘ಅಪ್ಪನ ಮನೆಗೆ ಹೋಗಿ ಬಾ’ ಎಂದು ತಲೆ ಬಾಚಿ ಕಳುಹಿಸುವ ತಾಯಿ, ಇವರೇ ಈ ಆಟದಲ್ಲಿ ಸೋಲುವವರು. ವಕೀಲ ಮಿತ್ರರು ವಾತ್ಸಲ್ಯದ ಅತಿರೇಕವೆಂದು ಯಾವುದನ್ನು ಕೊಂಡಾಡಿದರೋ ಅದು ಎಳೆಯುವ ಕೈಯ ಬಲ. ವಾತ್ಸಲ್ಯವು ಬಿಟ್ಟ ಕೈಯಲ್ಲಿದ್ದಿತು.

ಇನ್ನು ಜೇಬಿನ ದೃಷ್ಟಾಂತ. ಅದು ನಮ್ಮ ಸಂಸ್ಕೃತಿಯ ಮಾತೆಂದು ಅವರೆಂದರು. ಯಾವ ಗ್ರಂಥದ್ದೆಂದು ಹೇಳಲಿಲ್ಲ. ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ನಮ್ಮ ನಾಡಿನಲ್ಲಿ ಬರೆದ ಆ ಗ್ರಂಥವು ಭಾರತದ ಬಹುಭಾಗಕ್ಕೆ ಶತಮಾನಗಳ ಕಾಲ ದಾಯಭಾಗದ ಪ್ರಮಾಣವಾಯಿತು. ಮೂಲಸ್ಮೃತಿಯ ದಾನಪ್ರಕರಣದಲ್ಲಿ, ಕುಟುಂಬಕ್ಕೆ ಬಾಧೆಯಾಗದಂತೆ ತನ್ನದನ್ನು ಕೊಡಬಹುದೆಂದು ಹೇಳುವಾಗಲೇ ಹೆಂಡತಿ ಮಕ್ಕಳನ್ನು ಹೊರತುಪಡಿಸಿದೆ. ಕೈಯಾರೆ ದಾನ ಮಾಡಲೂ ಆಗದ್ದು ಜೇಬಿನೊಳಗಿನ ನಾಣ್ಯ ಹೇಗಾದೀತು? ಅದೇ ಸ್ಮೃತಿಯೂ ಮನುವೂ, ನಂಬಿ ಕೈಗಿತ್ತ ನಿಕ್ಷೇಪವನ್ನು ಕೇಳಿದಾಗ ಹಿಂದಿರುಗಿಸದವನನ್ನು ದಂಡನಾರ್ಹನೆಂದರು. ಮನುವಂತೂ ಅವನನ್ನು ಕಳ್ಳನಂತೆಯೇ ಶಿಕ್ಷಿಸಬೇಕೆಂದನು. ಮೇಲೆ ಹೇಳಿದ ಅಪ್ರತ್ಯರ್ಪಣವನ್ನು ಮೆಕಾಲೆಯ ವಾರಸುದಾರರು ಕಾಣದಿದ್ದರೂ ನಮ್ಮ ಹಳಬರು ಕಂಡಿದ್ದರು. ಸ್ಮೃತಿಗಳಲ್ಲಿ ಇಂದು ಒಪ್ಪಲಾಗದ ಮಾತುಗಳು ಬೇಕಾದಷ್ಟಿವೆ. ಅವನ್ನೇ ಶಾಸನ ಮಾಡಿರೆಂದು ನಾನು ಹೇಳುತ್ತಿಲ್ಲ. ಸಂಸ್ಕೃತಿಯ ಹೆಸರನ್ನೆತ್ತಿದವರಿಗೆ ಸಂಸ್ಕೃತಿಯಿಂದಲೇ ಉತ್ತರ ಕೊಟ್ಟೆ.

ನ್ಯಾಯಾಲಯದ ಕೈಗೆಟುಕದ ಕಡೆಗೆ ಮಕ್ಕಳು ಹೋದರೆ ಏನಾಗುವುದೆಂಬುದಕ್ಕೆ ಹಳೆಯದೊಂದು ಪ್ರಸಿದ್ಧ ವ್ಯಾಜ್ಯವನ್ನು ನೆನೆಯಬಹುದು. ಮುಂದೆ ತತ್ತ್ವಚಿಂತಕರಾಗಿ ಲೋಕವಿಖ್ಯಾತರಾದ ಜಿಡ್ಡು ಕೃಷ್ಣಮೂರ್ತಿಯವರನ್ನೂ ಅವರ ತಮ್ಮ ನಿತ್ಯಾನಂದನನ್ನೂ ತಂದೆ ನಾರಾಯಣಯ್ಯನವರು 1910ರಲ್ಲಿ ಆನಿ ಬೆಸಂಟರ ಪಾಲನೆಗೆ ಒಪ್ಪಿಸಿದ್ದರು. ಮನಸ್ಸು ಮುರಿದು 1912ರಲ್ಲಿ ದಾವೆ ಹೂಡಿದರು. 1913ರಲ್ಲಿ ಮದರಾಸು ಹೈಕೋರ್ಟು ಮಕ್ಕಳನ್ನು ತಂದೆಗೆ ಒಪ್ಪಿಸಬೇಕೆಂದಿತು. ಆದರೆ ಮಕ್ಕಳು ಅಷ್ಟರಲ್ಲಿ ಇಂಗ್ಲೆಂಡಿನಲ್ಲಿದ್ದರು. 1914ರಲ್ಲಿ ಪ್ರಿವಿ ಕೌನ್ಸಿಲು ಆ ಡಿಕ್ರಿಯನ್ನು ರದ್ದುಮಾಡಿತು; ಮಕ್ಕಳಿರುವ ದೇಶದ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು, ಮಕ್ಕಳ ಇಚ್ಛೆಯನ್ನೂ ಕೇಳಬೇಕಾಗಿತ್ತು ಎಂಬುದು ಅದರ ಅಭಿಪ್ರಾಯ. ಬೆಸಂಟರು ಮೇಲ್ಮನವಿಯ ರಾಜಮಾರ್ಗದಲ್ಲಿಯೇ ನಡೆದರು; ಅವರು ಆಜ್ಞೆಯನ್ನು ಮುರಿದರೆಂದು ನಾನು ಆರೋಪಿಸುವುದಿಲ್ಲ. ಮಕ್ಕಳ ಇಚ್ಛೆಯ ಮಾತೂ ಒಪ್ಪತಕ್ಕದ್ದೇ. ಆದರೆ ನೆಲದ ಗಡಿಯೊಂದು ತಂದೆಯ ಡಿಕ್ರಿಯನ್ನು ಹೇಗೆ ಬರಿಯ ಕಾಗದವನ್ನಾಗಿ ಮಾಡಬಲ್ಲುದೆಂಬುದು ಅಂದೇ ಕಂಡಿತು. (ಈ ಬೆಸಂಟರ ಕೈಯಿಂದಲೇ 1878ರಲ್ಲಿ ಅವರ ಸ್ವಂತ ಮಗಳನ್ನು ಇಂಗ್ಲೆಂಡಿನ ನ್ಯಾಯಾಲಯವು, ತಾಯಿಯು ನಾಸ್ತಿಕಳೆಂಬ ಕಾರಣವನ್ನೂ ಸೇರಿಸಿ, ಕಿತ್ತು ತಂದೆಗೆ ಕೊಟ್ಟಿದ್ದಿತು. ನ್ಯಾಯಾಲಯದ ಆಜ್ಞೆಗಳೆಲ್ಲ ಪವಿತ್ರವೆಂದು ನಾನು ಭ್ರಮಿಸಿಲ್ಲವೆಂಬುದಕ್ಕಾಗಿ ಇದನ್ನು ಬರೆದೆ.)

ಆಗ ಹಡಗಿನಲ್ಲಿ ವಾರಗಟ್ಟಲೆಯ ಪ್ರಯಾಣ. ಈಗ ಒಂದು ರಾತ್ರಿಯ ವಿಮಾನ. ನಮ್ಮ ಜಿಲ್ಲೆಯಲ್ಲಿಯೂ ಮಗನೋ ಮಗಳೋ ಅಮೆರಿಕದಲ್ಲಿಲ್ಲದ ಬೀದಿ ಅಪರೂಪ. ಅವರ ಸಂಸಾರ ಮುರಿದರೆ ವ್ಯಾಜ್ಯವು ಎರಡು ದೇಶಗಳಿಗೆ ಹರಡುತ್ತದೆ. ಹೀಗೆ ಒಯ್ದ ಮಕ್ಕಳನ್ನು ಬೇಗನೆ ಹಿಂದಿರುಗಿಸುವುದಕ್ಕಾಗಿ 1980ರಲ್ಲಿ ಹೇಗ್ ನಗರದಲ್ಲಿ ಒಂದು ಒಡಂಬಡಿಕೆಯಾಯಿತು. ಭಾರತವು ಅದಕ್ಕೆ ಸೇರಿಲ್ಲ. ಸೇರಬೇಕೆಂದು 2009ರಲ್ಲಿ ಕಾನೂನು ಆಯೋಗ ಹೇಳಿತು. 2016ರಲ್ಲಿ ಒಂದು ಮಸೂದೆಯ ಕರಡನ್ನೇ ಸಿದ್ಧಪಡಿಸಿ, ಅನ್ಯಾಯವಾಗಿ ಒಯ್ಯುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಒಂದು ವರ್ಷದವರೆಗಿನ ಸೆರೆಯನ್ನು ಸೂಚಿಸಿತು. ಹೊಡೆತ ತಿಂದು ತೌರಿಗೆ ಓಡಿ ಬಂದ ಹೆಣ್ಣುಮಕ್ಕಳನ್ನು ಇದು ಮತ್ತೆ ಹೊಡೆಯುವವನ ಬಾಗಿಲಿಗೇ ಕಳುಹಿಸೀತೆಂಬ ಆತಂಕದಿಂದ ಕೆಲಸವು ಅಲ್ಲಿಗೇ ನಿಂತಿತು. ಆತಂಕವು ನಿಜವಾದದ್ದೇ; ಅದನ್ನು ಹಗುರಾಗಿ ಕಾಣುವವನು ನಾನಲ್ಲ.

ಆದರೂ ಮನಸ್ಸಿದ್ದರೆ ಶೀಘ್ರತೆ ಅಸಾಧ್ಯವಲ್ಲ. 1986ರ ಜನವರಿಯಲ್ಲಿ, ಅಮೆರಿಕದ ಮಿಚಿಗನ್ನಿನ ನ್ಯಾಯಾಲಯವು ತಾಯಿಯ ವಶಕ್ಕೆ ಕೊಟ್ಟಿದ್ದ ಮಗುವನ್ನು, ವಾರಾಂತ್ಯದ ಭೇಟಿಯ ಹಕ್ಕನ್ನೇ ಸಾಧನವಾಗಿ ಮಾಡಿಕೊಂಡು, ತಂದೆಯು ಶಾಲೆಯಿಂದ ಕರೆದುಕೊಂಡು ಭಾರತಕ್ಕೆ ಹಾರಿಬಂದನು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಮಗುವನ್ನು ತಾಯಿಗೆ ಒಪ್ಪಿಸಿತು. ಹತ್ತು ತಿಂಗಳು. ನನ್ನ ವಿದ್ಯಾರ್ಥಿಗೆ, ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ, ಇಪ್ಪತ್ತೇಳು ತಿಂಗಳು ಹಿಡಿಯಿತು.

‘ತಂದೆಯನ್ನು ಸೆರೆಗೆ ಕಳುಹಿಸಿದರೆ ಮಗುವು ಯಾವ ಮುಖದಿಂದ ಶಾಲೆಗೆ ಹೋದೀತು?’ ಎಂಬುದು ಮಿತ್ರರ ಅತ್ಯಂತ ಬಲವಾದ ಪ್ರಶ್ನೆ. ಒಪ್ಪಿದೆ. ಅದಕ್ಕಾಗಿಯೇ ಏಳು ವರ್ಷದ ಖಡ್ಗ ಬೇಡವೆನ್ನುತ್ತೇನೆ. ಫ್ರಾನ್ಸ್ ದೇಶದ ದಂಡಸಂಹಿತೆಯ 227-5ನೆಯ ಕಲಮನ್ನು ಅವರು ನೋಡಬೇಕು. ಮಗುವನ್ನು ಕೇಳುವ ಹಕ್ಕುಳ್ಳವರಿಗೆ ಅನ್ಯಾಯವಾಗಿ ಒಪ್ಪಿಸದಿರುವುದೇ ಅಲ್ಲಿ ಒಂದು ಸ್ವತಂತ್ರವಾದ ಅಪರಾಧ. ಒಂದು ವರ್ಷದವರೆಗೆ ಸೆರೆ, 15,000 ಯೂರೋವಿನವರೆಗೆ ದಂಡ. ‘ಒಯ್ಯುವುದು’ ಎಂಬ ಕ್ರಿಯಾಪದದ ತೊಡಕೇ ಇಲ್ಲ. ಅಲ್ಲಿಯೂ ದೋಷ ಕಂಡುಬಾರದಿರಲಿಲ್ಲ: ಗಂಡನ ಹಿಂಸೆಗೆ ಅಂಜಿ ಮಗುವನ್ನು ತಡೆದಿಟ್ಟ ತಾಯಂದಿರೇ ಕಟಕಟೆಯಲ್ಲಿ ನಿಲ್ಲಬೇಕಾಯಿತು. ಅದಕ್ಕಾಗಿ ಅವರು ಕಲಮನ್ನು ಕಿತ್ತೊಗೆಯಲಿಲ್ಲ. 2021ರಲ್ಲಿ ಒಂದು ವಿಧಿಯನ್ನು ಸೇರಿಸಿ, ಹಿಂಸೆಯ ಆರೋಪವಿದ್ದಲ್ಲಿ ಮೊಕದ್ದಮೆ ಹೂಡುವ ಮೊದಲು ಸರಕಾರಿ ಅಭಿಯೋಜಕನು ಅದನ್ನು ಪರಿಶೀಲಿಸತಕ್ಕದ್ದೆಂದು ಮಾಡಿದರು.

ನಮಗೂ ಇಂಥ ಒಂದು ಚಿಕ್ಕ ಕಲಮು ಸಾಕು. ಫಿರ್ಯಾದು ಕೊಡುವ ಅಧಿಕಾರವು ಮುನಿದ ಗಂಡಹೆಂಡಿರಿಗೆ ಇರಕೂಡದು. ಆಜ್ಞೆ ಮಾಡಿದ ನ್ಯಾಯಾಲಯವೇ ಫಿರ್ಯಾದಿಯಾಗಬೇಕು. ಸುಳ್ಳುಸಾಕ್ಷಿಯ ಅಪರಾಧದಲ್ಲಿ ಈಗಲೂ ಇರುವ ಪದ್ಧತಿಯೇ ಇದು. ಹೀಗಾದರೆ ಠಾಣೆಯು ಸೊಸೆಗೂ ಅತ್ತೆಗೂ ಆಯುಧವಾಗುವ ಭಯವಿಲ್ಲ. ಮೊದಲ ಸಲ ತಪ್ಪಿದವರು, ಕಳೆದ ದಿನಗಳಷ್ಟನ್ನೇ ಇನ್ನೊಬ್ಬರಿಗೆ ಕೂಡಿಸಿಕೊಟ್ಟು, ಅವರ ಪ್ರಯಾಣದ ವೆಚ್ಚವನ್ನೂ ತೆರಲಿ. ಮತ್ತೆ ತಪ್ಪಿದರೆ ಆದಾಯಕ್ಕೆ ತಕ್ಕ ಜುಲ್ಮಾನೆ. ಮಗುವಿನ ವಿಳಾಸವನ್ನೇ ಬಚ್ಚಿಟ್ಟವರಿಗೆ ಮಾತ್ರ ಸೆರೆ, ಅದೂ ಒಂದು ವರ್ಷಕ್ಕೆ ಮೀರದಂತೆ. ಮಗುವನ್ನು ತಂದೊಪ್ಪಿಸಿದ ದಿನವೇ ಬಿಡುಗಡೆ. ಬೀಗದ ಕೈ ಅವರ ಸೆರಗಿನಲ್ಲಿಯೇ, ಅವರ ಜೇಬಿನಲ್ಲಿಯೇ ಇರಲಿ. ಪ್ರಾಣಭಯದಿಂದಲೋ ಮಗುವಿಗೆ ಅಪಾಯವಿದೆಯೆಂದೋ ತಡೆದಿಟ್ಟವರು ಮೂರು ದಿನದೊಳಗೆ ಅತಿ ಸಮೀಪದ ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ, ವಿಚಾರಣೆ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟಕೂಡದು. ಉಲ್ಲಂಘನೆಯ ದೂರು ಬಂದ ಮೂವತ್ತು ದಿನದೊಳಗೆ ನಿರ್ಣಯವಾಗಬೇಕು. ಇದೊಂದು ತಪ್ಪಿದರೆ ಮಿಕ್ಕದ್ದೆಲ್ಲ ವ್ಯರ್ಥ. ಮಗುವಿಗೆ ಒಂದು ತಿಂಗಳೆಂದರೆ ನಮ್ಮ ಒಂದು ವರ್ಷ. 25ನೆಯ ಕಲಮಿನಿಂದ ಆ ‘ದಸ್ತಗಿರಿ’ ಎಂಬ ಶಬ್ದವನ್ನು ಅಳಿಸಿಹಾಕಬೇಕು.

ಇದೆಲ್ಲ ದೆಹಲಿಯ ಕೆಲಸ, ನಮ್ಮಿಂದೇನಾಗುವುದೆಂದು ಕೆಲವರು ಕೈಚೆಲ್ಲಬಹುದು. ದಂಡಶಾಸನವೂ ಅಪ್ರಾಪ್ತವಯಸ್ಕರ ವಿಷಯವೂ ರಾಜ್ಯಾಂಗದ ಸಮವರ್ತಿ ಪಟ್ಟಿಯಲ್ಲಿವೆ. ರಾಷ್ಟ್ರಪತಿಯ ಅಂಗೀಕಾರ ಪಡೆದು ನಮ್ಮ ವಿಧಾನಮಂಡಲವೇ ಇದನ್ನು ಮಾಡಬಹುದು. ಮನೆಯ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಪಾಲುಂಟೆಂದು ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ಮಾಡಿದ್ದಿತು. ದೆಹಲಿಗೆ ಅದು ತೋಚಿದ್ದು 2005ರಲ್ಲಿ. ಮುಂದಿನ ಅಧಿವೇಶನಕ್ಕೆ ಮುಂಚೆ ನಮ್ಮ ಜಿಲ್ಲೆಯ ಶಾಸಕರಿಗೆ ಒಂದು ಮನವಿಯನ್ನು ಕಳುಹಿಸಬೇಕೆಂದಿದ್ದೇನೆ. ಕಲಮಿನ ಕರಡನ್ನು ನನ್ನ ಬುದ್ಧಿಗೆ ತೋಚಿದಂತೆ ಬರೆದಿಟ್ಟಿದ್ದೇನೆ. ಶಾಸನದ ಭಾಷೆ ನನಗೆ ಬಾರದು. ಆ ಕರಡನ್ನು ತಿದ್ದಿಕೊಡುವ ಭಾರವನ್ನು ಕಳೆದ ತಿಂಗಳ ಲೇಖಕರಾದ ಆ ವಕೀಲ ಮಿತ್ರರೇ ವಹಿಸಿಕೊಳ್ಳುವರೆಂದು ನಂಬಿ, ಅದರ ಒಂದು ಪ್ರತಿಯನ್ನು ಈ ಲೇಖನದೊಡನೆಯೇ ಸಂಪಾದಕರ ಮೂಲಕ ಅವರಿಗೆ ಕಳುಹಿಸಿದ್ದೇನೆ.